ದುಡಿ, ಮಳೆ, ಒಂದು ಮೈಕು: ರೆಕಾರ್ಡಿಂಗ್ ಕಲಿಯುತ್ತಾ ಮೂರು ತಿಂಗಳು

ಜುಲೈ ಕೊನೆ

ಲ್ಯಾಪ್‌ಟಾಪಿಗೆ ಆಡಾಸಿಟಿ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್ ಹಾಕಿಕೊಂಡೆ. ದುಡ್ಡು ಕೊಡಬೇಕಾಗಿಲ್ಲ, ಹಳೇ ಯಂತ್ರದಲ್ಲೂ ಓಡುತ್ತದೆ. ಆಸೆ ಒಂದೇ. ಪಕ್ಕದ ಮನೆಯ ಅಜ್ಜ ಮತ್ತು ಅವರ ಮೂವರು ಜೊತೆಗಾರರು ದುಡಿ ಅನ್ನುವ ಪುಟ್ಟ ಚರ್ಮವಾದ್ಯ ಬಡಿದು ಹಾಡುವ ಕೊಡವ ಪಾಟನ್ನು, ಅಂದರೆ ಕೊಡವರ ಹಾಡನ್ನು, ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ ಮುಂಚೆ ಹಿಡಿದಿಡಬೇಕು. ಇಬ್ಬರಿಗೆ ಎಪ್ಪತ್ತು ದಾಟಿದೆ. ಫೋನಿನಲ್ಲಿ ಹಿಡಿದಿದ್ದರಲ್ಲಿ ಬರೀ ದುಡಿ, ಮಾತೇ ತಿಳಿಯುವುದಿಲ್ಲ.

ಆಗಸ್ಟ್ ಮೊದಲ ವಾರ

ಕಕ್ಕಡ ತಿಂಗಳ ಜೋರು ಮಳೆ. ಅಜ್ಜ ಒಬ್ಬರೇ ಬಂದು ಒಂದು ಪಾಟ್ ಹಾಡಿದರು. ಜೋರಾಗಿ ಬರಲಿ ಅಂತ ಗೇನ್ (ಮೈಕಿಗೆ ಬಂದ ಸದ್ದನ್ನು ಹಿಗ್ಗಿಸುವ ಮಟ್ಟ) ಏರಿಸಿಬಿಟ್ಟಿದ್ದೆ. ದುಡಿಗೆ ಕೋಲು ಬಿದ್ದಾಗಲೆಲ್ಲ ಪರದೆಯ ಮೇಲೆ ಸದ್ದಿನ ಅಲೆಯ ತುದಿ ಕತ್ತರಿಸಿದ ಹಾಗೆ ಚಪ್ಪಟೆ. ಆಮೇಲೆ ವಾಲ್ಯೂಮ್ ಇಳಿಸಿದರೂ ಆ ಕರಕರ ಹೋಗಲಿಲ್ಲ. ಮೈಕಿನ ಹತ್ತಿರವೇ ಒಡೆದ ಸದ್ದನ್ನು ಸಾಫ್ಟ್‌ವೇರ್ ವಾಪಸ್ ತರುವುದಿಲ್ಲ. ಅಷ್ಟು ಚೆನ್ನಾಗಿ ಹಾಡಿದ್ದರು, ತುಂಬಾ ಬೇಜಾರಾಯಿತು.

ಈಗ ಮೊದಲು ಅತಿ ಜೋರಿನ ಪೆಟ್ಟನ್ನೇ ಬಡಿಸಿ ನೋಡುತ್ತೇನೆ. ಮೀಟರಿನಲ್ಲಿ ಸೊನ್ನೆ ಮುಟ್ಟಿದರೆ ಸದ್ದು ಒಡೆಯುತ್ತದೆ, ಅದಕ್ಕೇ ಮೈನಸ್ 10 ಡೆಸಿಬೆಲ್ ಸುತ್ತ ನಿಲ್ಲುವ ಹಾಗೆ ಗೇನ್ ಇಳಿಸುತ್ತೇನೆ. ಸದ್ದು ಚಿಕ್ಕದಾಗಿದ್ದರೆ ಆಮೇಲೆ ದೊಡ್ಡದು ಮಾಡಬಹುದು.

ಆಗಸ್ಟ್ ಮೂರನೇ ವಾರ

ಹಿಂದೆ ಸಣ್ಣಗೆ ಗುಂಯ್ ಅನ್ನುವ ಸದ್ದು. ಎರಡು ಸಂಜೆ ಮೈಕನ್ನೇ ಬೈದೆ. ಚಾರ್ಜರ್ ಕಿತ್ತ ತಕ್ಷಣ ನಿಂತಿತು. ನಮ್ಮಲ್ಲಿ ಕರೆಂಟ್ ಹೋಗುತ್ತಲೇ ಇರುತ್ತದೆ, ಹಾಗಾಗಿ ಬ್ಯಾಟರಿ ತುಂಬಿಸಿಟ್ಟುಕೊಂಡೇ ಕೂರುತ್ತೇನೆ.

ಮಳೆಯ ಸದ್ದು ತೆಗೆಯಲು ನಾಯ್ಸ್ ರಿಡಕ್ಷನ್ ಕಲಿತೆ. ಯಾರೂ ಮಾತಾಡದ ಎರಡು ಮೂರು ಸೆಕೆಂಡನ್ನು ಆರಿಸಿ ತೋರಿಸಬೇಕು. ಆ ಸದ್ದು ಎಂಥದು ಅಂತ ಅದು ತಿಳಿದುಕೊಂಡು ಉಳಿದ ಕಡೆ ಕಡಿಮೆ ಮಾಡುತ್ತದೆ. ಒಂದೇ ಸಮನೆ ಸುರಿಯುವ ಮಳೆಗೆ ಪರವಾಗಿಲ್ಲ. ಸೂರಿನಿಂದ ಟಪ್ ಟಪ್ ಬೀಳುವ ಹನಿಗೆ ಏನೂ ಆಗಲಿಲ್ಲ. 12 ಡೆಸಿಬೆಲ್ ತೆಗೆದಾಗ ಅಜ್ಜನ ದನಿ ನೀರೊಳಗಿಂದ ಬಂದ ಹಾಗಿತ್ತು. 6ಕ್ಕೆ ನಿಲ್ಲಿಸಿದೆ. ಸ್ವಲ್ಪ ಮಳೆ ಉಳಿಯಿತು, ಉಳಿಯಲಿ. ಕೊಡಗಿನ ಪಾಟಲ್ವಾ?

ಸೆಪ್ಟೆಂಬರ್

ದುಡಿಯನ್ನೂ ಹಾಡನ್ನೂ ಬೇರೆ ಬೇರೆ ಟ್ರ್ಯಾಕಿನಲ್ಲಿ ಹಿಡಿಯೋಣ ಅಂತ ಹೊರಟೆ. ಅಜ್ಜನ ಕಿವಿಗೆ ಇಯರ್‌ಫೋನ್ ಹಾಕಿ, ತಾಳ ತಪ್ಪದಿರಲಿ ಅಂತ ಒಂದೇ ವೇಗದಲ್ಲಿ ಬಡಿಯುವ ಕ್ಲಿಕ್ ಸದ್ದು ಕೇಳಿಸಿದೆ. ನಾಲ್ಕು ಸಾಲು ಹಾಡಿ ತೆಗೆದಿಟ್ಟರು. "ಇದು ನಮ್ಮನ್ನ ಎಳ್ಕೊಂಡು ಹೋಗ್ತದೆ ಮಗಾ, ನಾವು ಒಬ್ಬರ ಮುಖ ಒಬ್ಬರು ನೋಡ್ಕೊಂಡು ಹಾಡುವವರು" ಅಂದರು. ಅವರು ಹೇಳಿದ್ದೇ ಸರಿ. ಹಾಡು ಬಿಸಿಯಾದಂತೆ ವೇಗ ಏರುತ್ತದೆ. ಅದನ್ನು ಕ್ಲಿಕ್ಕಿಗೆ ಕಟ್ಟಿಹಾಕಬಾರದು.

ಅಕ್ಟೋಬರ್ ಎರಡನೇ ಭಾನುವಾರ

ಮಳೆ ಬಿಟ್ಟಿತ್ತು. ನಾಲ್ವರನ್ನೂ ಒಟ್ಟಿಗೆ ಕೂರಿಸಿದೆ, ಮೈಕು ಒಂದೇ. ಗುಂಡಿ ತಿರುಗಿಸುವ ಬದಲು ಜನರನ್ನೇ ಸರಿಸಿದೆ. ದೂರ ಎರಡರಷ್ಟಾದರೆ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ, ಕೋಣೆಯೊಳಗೆ ಸ್ವಲ್ಪ ಕಡಿಮೆ. ಮೈಕನ್ನು ಬಾಯಿಯ ಎತ್ತರಕ್ಕಿಟ್ಟು, ದುಡಿಗಳನ್ನು ಮೊಣಕಾಲಿನ ಕೆಳಗೆ ಹಿಡಿಯಲು ಹೇಳಿದೆ. ದನಿ ಸಣ್ಣಗಿರುವ ಅಜ್ಜನನ್ನು ಒಂದು ಮೊಳ ಮುಂದೆ ಕೂರಿಸಿದೆ. ಕಿಟಕಿಗೆ ಎರಡು ಕಂಬಳಿ. ಮೊದಲ ಸಲಕ್ಕೇ ಪ್ರತಿ ಮಾತೂ ಬಿಡಿಸಿ ಕೇಳಿತು. ನನಗೆ ಕಣ್ಣು ತುಂಬಿ ಬಂತು.

ಮೂಲವನ್ನು ಸದ್ದು ಕುಗ್ಗಿಸದ ವೇವ್ ಫೈಲಾಗಿ ಎರಡು ಕಡೆ ಇಟ್ಟಿದ್ದೇನೆ, ಅವರ ಫೋನುಗಳಿಗೆ ಎಂಪಿ3 ಕಳಿಸಿದೆ. ಬೆಳಗ್ಗೆಯೇ ಅಜ್ಜ ಗೇಟಿನ ಹತ್ತಿರ ನಿಂತಿದ್ದರು. ಕೊನೆಯಲ್ಲಿ ಒಂದು ಸಾಲು ಬಿಟ್ಟುಹೋಗಿದೆಯಂತೆ. ಮುಂದಿನ ಭಾನುವಾರ ಮತ್ತೆ ಕೂರುತ್ತೇವೆ.