ಮನೆ ತುಂಬ ಮಲ್ಲಿಗೆ ಇತ್ತಲ್ಲ, ದಿನಾ ಮುಡೀತಿದ್ರಾ?

ನನ್ನ ತವರು ಉಡುಪಿ ಕಡೆಯ ಮಲ್ಲಿಗೆಯ ಊರು ಶಂಕರಪುರದ ಹತ್ತಿರ ಅಂದರೆ ಸಾಕು, ಈ ಪ್ರಶ್ನೆ ಬರುತ್ತದೆ. ಮಂಗಳೂರಿನ ಆಫೀಸಿನಲ್ಲಿ ಕೇಳಿದ್ದಾರೆ, ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಕೇಳಿದ್ದಾರೆ, ಮದುವೆಮನೆಯ ಊಟದ ಸಾಲಿನಲ್ಲಂತೂ ಪ್ರತಿ ಸಲ. ಇಲ್ಲ, ಮುಡಿಯುತ್ತಿರಲಿಲ್ಲ. ಪೇಟೆಗೆ ಹೋಗುವ ಹೂ ನಮ್ಮದಲ್ಲ ಎಂದೇ ನಾವು ಬೆಳೆದದ್ದು.

ಕಟಪಾಡಿಯಿಂದ ಒಳಗೆ ನಮ್ಮ ಮನೆ. ಮಳೆಗಾಲಕ್ಕೆ ಒಂದು ತುಂಡು ಗದ್ದೆ, ಹಟ್ಟಿಯಲ್ಲಿ ಎರಡು ದನ, ಮನೆ ಸುತ್ತ 12 ಸೆಂಟ್ಸ್‌ನಲ್ಲಿ ಮಲ್ಲಿಗೆ. ಅಪ್ಪ ಮುಂಬಯಿಯ ಹೋಟೆಲಿನಲ್ಲಿದ್ದರು. ಅಕ್ಕಿ ಗದ್ದೆಯಿಂದ ಬರುತ್ತಿತ್ತು. ಪುಸ್ತಕ, ಯೂನಿಫಾರ್ಮ್, ಅಜ್ಜಿಯ ಮದ್ದು ಎಲ್ಲ ಮಲ್ಲಿಗೆಯಿಂದಲೇ.

ಮಲ್ಲಿಗೆ ತೋಟ ಎಂದರೆ ಪರಿಮಳ ಎಂದುಕೊಳ್ಳುತ್ತಾರೆ. ನನ್ನ ಮೂಗಿಗೆ ಮೊದಲು ನೆನಪಾಗುವುದು ನೆಲಕಡಲೆ ಹಿಂಡಿಯನ್ನು ಸೆಗಣಿ ನೀರಿನಲ್ಲಿ ಕೊಳೆಸಿದ ವಾಸನೆ. ಅದನ್ನು ಗಿಡದ ಬುಡಕ್ಕೆ ಹೊಯ್ದ ದಿನ ಅಂಗಳದಲ್ಲಿ ಕೂತು ಊಟ ಮಾಡಲು ಆಗುತ್ತಿರಲಿಲ್ಲ. ಇನ್ನು ಪರಿಮಳ? ನಾವು ಕೊಯ್ಯುವುದು ಬೆಳಿಗ್ಗೆ, ಬರೀ ಮೊಗ್ಗು. ತುಂಬಿ ಬೆಳ್ಳಗಾಗಿರಬೇಕು, ಬಾಯಿ ಬಿಟ್ಟಿರಬಾರದು. ಸ್ವಲ್ಪ ಹಸಿರು ಕಂಡರೆ ನಾಳೆಗೆ. ಎಲೆಯ ಮೇಲಿನ ಇಬ್ಬನಿ ಮೊಣಕೈವರೆಗೂ ಇಳಿಯುತ್ತಿತ್ತು, ಒದ್ದೆ ಲಂಗದಲ್ಲೇ ಮೊಗ್ಗು ಎಣಿಸಲು ಕೂರುತ್ತಿದ್ದೆವು.

ಎಣಿಸುವುದು ಮಕ್ಕಳ ಕೆಲಸ. 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದರೆ ಅಟ್ಟೆಗೆ 3,200. ನೂರು ನೂರರ ಗುಪ್ಪೆ ಮಾಡಿ, ಎಂಟು ಗುಪ್ಪೆಯಾದ ಮೇಲೆ ಅಮ್ಮನ ಕಡೆಗೆ ತಳ್ಳುವುದು. ಅಜ್ಜಿ ಎಣಿಸುವುದು ತುಳುವಿನಲ್ಲಿ, ಒಂಜಿ, ರಡ್ಡ್, ಮೂಜಿ. ನಾವು ಶಾಲೆಯ ಕನ್ನಡದಲ್ಲಿ. ಇಬ್ಬರೂ ಒಟ್ಟಿಗೆ ಜೋರಾಗಿ ಎಣಿಸಿದರೆ ಲೆಕ್ಕ ತಪ್ಪುತ್ತಿತ್ತು, ಮತ್ತೆ ಮೊದಲಿನಿಂದ. ಒಂದನೇ ಕ್ಲಾಸಿಗೆ ಹೋಗುವ ಮೊದಲೇ ನನಗೆ ನೂರರವರೆಗೆ ಎರಡು ಭಾಷೆಯಲ್ಲಿ ಬರುತ್ತಿತ್ತು.

ಅಮ್ಮ ನೆನೆಸಿಟ್ಟ ಬಾಳೆನಾರಿನಲ್ಲಿ ಕಟ್ಟುತ್ತಿದ್ದರು. ನೋಡದೆ, ನಮ್ಮೊಡನೆ ಮಾತಾಡುತ್ತಲೇ, ತೊಟ್ಟೆಲ್ಲ ಒಂದೇ ಸಮ ಬರುವ ಹಾಗೆ. ಗಂಟು ಬಿಗಿಯಾದರೆ ಮೊಗ್ಗಿನ ಕುತ್ತಿಗೆ ಮುರಿಯುತ್ತದೆ, ಸಡಿಲವಾದರೆ ದಾರಿಯಲ್ಲೇ ಉದುರುತ್ತದೆ. ಆ ಹದ ನನ್ನ ಕೈಗೆ ಇವತ್ತಿಗೂ ಬಂದಿಲ್ಲ. ಕಟ್ಟಿದ್ದನ್ನು ಬಾಳೆಎಲೆಯಲ್ಲಿ ಸುತ್ತಿ, ಊರಿನ ಹೂವೆಲ್ಲ ಮಾರಾಟಕ್ಕೆ ಸೇರುವ ಕಟ್ಟೆಗೆ. ಅಲ್ಲಿಂದ ಉಡುಪಿ, ಮಂಗಳೂರು, ಮುಂಬಯಿ. ಅಪ್ಪ ಇರುವ ಊರಿಗೇ ಹೋಗುತ್ತದಲ್ಲ, ಅವರ ಹೋಟೆಲಿನ ದೇವರ ಪಟಕ್ಕೆ ನಾನು ಕೊಯ್ದ ಹೂವೇ ಬಂದಿರಬಹುದಾ ಎಂದು ಎಷ್ಟೋ ಸಲ ಯೋಚಿಸುತ್ತಿದ್ದೆ.

"ಅಟ್ಟೆಗೆ ಎಷ್ಟು?" ನಮ್ಮೂರಿನಲ್ಲಿ ಊಟ ಆಯ್ತಾ ಎನ್ನುವುದಕ್ಕಿಂತ ಮೊದಲು ಕೇಳುವ ಮಾತು. ಪಕ್ಕದ ಮನೆಯ ಬಾಯಮ್ಮ ಇಗರ್ಜಿಯಿಂದ ಬರುತ್ತಾ ಕೇಳುವುದೂ ಅದನ್ನೇ, ಏಕೆಂದರೆ ಅವರ ಅಂಗಳದಲ್ಲೂ ಮಲ್ಲಿಗೆಯೇ. ರೇಟು ದಿನದಿನವೂ ಬದಲು. ಬಿಸಿಲುಕಾಲದಲ್ಲಿ ಕೊಯ್ದು ಕೈ ಸೋಲುವಷ್ಟು ಮೊಗ್ಗು, ಆಗ ರೇಟು ಇಲ್ಲ. ಕಾಪುವಿನ ಮಾರಿಪೂಜೆ, ದೈವಗಳ ನೇಮ, ಶ್ರಾವಣ ಬಂತೆಂದರೆ ರೇಟು ಏರುತ್ತದೆ, ಆದರೆ ಮಳೆಗೂ ಚಳಿಗೂ ಗಿಡದಲ್ಲಿ ಮೊಗ್ಗೇ ಕಡಿಮೆ. ಈಚಿನ ವರ್ಷಗಳಲ್ಲಿ ಅಟ್ಟೆಗೆ 2,100 ರೂಪಾಯಿ ಆದ ದಿನಗಳೂ ಇವೆ. ಇಂಥ ಹೂವನ್ನು ಶಾಲೆಗೆ ಮುಡಿದು ಹೋಗುವುದು ಹೇಗೆ?

ಆದರೂ ನನ್ನ ಜಡೆಗೆ ಮಲ್ಲಿಗೆ ಬರುತ್ತಿತ್ತು, ಸಂಜೆ ಹೊತ್ತಿಗೆ.

ನಮಗೆ ಮೂವರು ಮಕ್ಕಳಿಗೂ ಒಂದೊಂದು ಸಾಲು ಗಿಡ ಹಂಚಿತ್ತು. ಬೆಳಿಗ್ಗೆ ಎಲೆಯ ಅಡಿಯಲ್ಲಿ ಕಣ್ಣಿಗೆ ಬೀಳದೆ ಉಳಿದ ಮೊಗ್ಗು ಸಂಜೆ ಅರಳುತ್ತದೆ. ದೀಪ ಹಚ್ಚುವ ಹೊತ್ತಿಗೆ ಅಜ್ಜಿ ಜಗಲಿಯಲ್ಲಿ ನಿಂತು ನೋಡಿದರೆ ಯಾರ ಸಾಲಿನಲ್ಲಿ ಎಷ್ಟು ಬಿಳಿ ಚುಕ್ಕಿ ಎಂದು ದೂರಕ್ಕೇ ಕಾಣುತ್ತಿತ್ತು. ಹೆಚ್ಚು ಇರುತ್ತಿದ್ದದ್ದು ನನ್ನ ಸಾಲಿನಲ್ಲೇ. ಅಜ್ಜಿ ಬೈದದ್ದಿಲ್ಲ. "ಬಾ ಮಗಾ, ನೀನು ಬಿಟ್ಟದ್ದನ್ನು ನೀನೇ ಕೊಯ್ಯಿ" ಎಂದು ಕರೆಯುತ್ತಿದ್ದರು. ಅರಳಿದ್ದು ಕಟ್ಟೆಗೆ ನಡೆಯುವುದಿಲ್ಲ. ಅರ್ಧ ದೇವರಿಗೆ, ಅರ್ಧ ನನಗೆ. ಅಷ್ಟರಲ್ಲಿ ಅಂಗಳವೆಲ್ಲ ಪರಿಮಳ. ಮಲ್ಲಿಗೆಯ ಪರಿಮಳ ಅಂತ ನನಗೆ ಗೊತ್ತಿರುವುದು ಆ ಕೈತಪ್ಪಿದ ಹೂಗಳದ್ದು.

ಒಳ್ಳೆ ಮೊಗ್ಗನ್ನು ಮುಡಿದದ್ದು ನನ್ನ ಮದುವೆಗೆ. ರೇಟು ಚೆನ್ನಾಗಿದ್ದ ವಾರ ಅದು. ಅಮ್ಮ ಬೆಳಿಗ್ಗೆ ಎದ್ದು ಎಲ್ಲ ಸಾಲನ್ನೂ ತಾನೇ ಕೊಯ್ದು, ಎಣಿಸಿ, ಒಂದು ಅಟ್ಟೆ ಪೂರ್ತಿ ಕಟ್ಟಿ ಒಳಗಿಟ್ಟರು. ಹೂ ಒಯ್ಯುವ ಹುಡುಗ ದಣಪೆಯ ಹತ್ತಿರ ಸೈಕಲ್ ನಿಲ್ಲಿಸಿ, "ಅಕ್ಕಾ, ಹೂ?" ಎಂದು ಕೂಗಿದ.

"ಇವತ್ತು ಇಲ್ಲ ಮಾರಾಯ," ಅಂದರು ಅಮ್ಮ, "ಇವತ್ತಿನದ್ದು ಮನೆಗೆ."