ಕಾಲೇಜಿಗೆ ಬೀಗ ಬಿದ್ದ ವಿದ್ಯಾರ್ಥಿಗಳು

ನಮ್ಮ ಕಾಲದ ವಿದ್ಯಾರ್ಥಿ ಸಂಘದ ಹೋರಾಟಗಳ ಬಗ್ಗೆ ಬರೆಯಿರಿ ಎಂದು ನಮ್ಮ ಕಾಲೇಜಿನ ಈ ಸಂಚಿಕೆಯ ಸಂಪಾದಕರು ಕೇಳಿದ್ದಾರೆ. ಹೋರಾಟ ಎಂಬುದು ನಮಗೆ ಕೊಂಚ ದೊಡ್ಡ ಮಾತಾಯಿತು. ನಾವು ಹೋರಾಡಿದ್ದು ಬಸ್ ಪಾಸಿಗೆ ಮತ್ತು ಹಾಜರಾತಿ ದಂಡದ ವಿರುದ್ಧ. ಗೇಟಿನ ಮುಂದೆ ಒಂದಿಷ್ಟು ಧಿಕ್ಕಾರ ಕೂಗಿ ಮ್ಯಾಟಿನಿ ಸಿನಿಮಾಕ್ಕೆ ಹೊರಡುತ್ತಿದ್ದೆವು. ಮರುದಿನ ಕಾಲೇಜು ಇದ್ದಲ್ಲಿಯೇ ಇರುತ್ತಿತ್ತು.

ಹಾಗೆ ಇರದ ಕಾಲೇಜುಗಳ ವಿಷಯ ತಿಳಿದದ್ದು ಎಂ.ಎ. ಓದಲು ದೆಹಲಿಗೆ ಹೋದ ಮೇಲೆ. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ಆಗ ಸಂಸದರು. ಕೃಷ್ಣ ಮೆನನ್ ಮಾರ್ಗದ ಅವರ ಸರ್ಕಾರಿ ಬಂಗಲೆಯಲ್ಲಿ ಬರ್ಮಾದಿಂದ (ಈಗಿನ ಮ್ಯಾನ್ಮಾರ್) ತಪ್ಪಿಸಿಕೊಂಡು ಬಂದ ವಿದ್ಯಾರ್ಥಿಗಳಿಗೆ ಆಶ್ರಯವಿತ್ತು. ನಮ್ಮ ಕಡೆಯವರೆಂಬ ಸಲಿಗೆಯಿಂದ ಹೋದ ನನಗೆ ಜಾರ್ಜ್ ಸಿಗಲಿಲ್ಲ. ನನಗಿಂತ ತುಸು ದೊಡ್ಡವನಾದ ಒಬ್ಬ ಗೆಳೆಯ ಸಿಕ್ಕಿದ. ಅವನ ಮನೆಯವರು ಇನ್ನೂ ಬರ್ಮಾದಲ್ಲೇ ಇರುವುದರಿಂದ ಹೆಸರು ಬರೆಯುವುದಿಲ್ಲ. ಚಹಾ ಎಲೆಯನ್ನು ಹುಳಿ ಬರಿಸಿ ತಿನ್ನುವುದೂ ಉಂಟು ಎಂದು ತೋರಿಸಿಕೊಟ್ಟವನು ಅವನೇ.

ಅವನು ರಂಗೂನಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದವನು. 1987ರ ಸೆಪ್ಟೆಂಬರಿನಲ್ಲಿ ಸರ್ವಾಧಿಕಾರಿ ನೆ ವಿನ್‌ನ ಸರ್ಕಾರ 25, 35 ಮತ್ತು 75 ಕ್ಯಾಟ್ ನೋಟುಗಳನ್ನು ಪರಿಹಾರವಿಲ್ಲದೆ ರದ್ದು ಮಾಡಿದಾಗ, ಫೀಸಿಗೆಂದು ಅಪ್ಪ ಕೊಟ್ಟಿದ್ದ ಹಣ ಟ್ರಂಕಿನಲ್ಲಿಯೇ ರದ್ದಿಯಾಯಿತು. ಬಳಿಕ ಬಂದದ್ದು 45 ಮತ್ತು 90ರ ನೋಟು. ಒಂಬತ್ತು ಸರ್ವಾಧಿಕಾರಿಯ ಅದೃಷ್ಟ ಸಂಖ್ಯೆಯಂತೆ! ಮರು ವರ್ಷದ ಮಾರ್ಚಿನಲ್ಲಿ ಚಹಾ ಅಂಗಡಿಯಲ್ಲಿ ಹತ್ತಿದ ಜಗಳ ಪ್ರತಿಭಟನೆಗೆ ತಿರುಗಿ, ಫೋನ್ ಮಾ ಎಂಬ ವಿದ್ಯಾರ್ಥಿ ಗುಂಡಿಗೆ ಬಲಿಯಾದ. ಆಗಸ್ಟ್ 8ಕ್ಕೆ ದೇಶವೇ ಬೀದಿಗಿಳಿಯಿತು. ಸೆಪ್ಟೆಂಬರ್ 18ರಂದು ಸೈನ್ಯ ನೇರವಾಗಿ ಅಧಿಕಾರ ಹಿಡಿಯಿತು. ಸಾವಿರಾರು ವಿದ್ಯಾರ್ಥಿಗಳು ಗಡಿಯ ಕಾಡು ಸೇರಿದರು.

ಆದರೆ ಅವನು ಗುಂಡಿನ ಮಾತು ಆಡುತ್ತಿದ್ದುದು ಕಡಿಮೆ. ಕೇಳುತ್ತಿದ್ದುದೆಲ್ಲ ನಮ್ಮ ಕಾಲೇಜಿನ ಸುದ್ದಿ. ಪ್ರಯೋಗಾಲಯದ ರೆಕಾರ್ಡಿಗೆ ಯಾರು ಸಹಿ ಹಾಕುತ್ತಾರೆ, ಆಂತರಿಕ ಅಂಕ ಎಷ್ಟು, ಒಂದು ವಿಷಯದಲ್ಲಿ ಫೇಲಾದರೆ ಮುಂದಿನ ವರ್ಷಕ್ಕೆ ಬಿಡುತ್ತಾರೆಯೇ? ಅವನ ಬಳಿ ಹಳೆಯ ಗುರುತಿನ ಚೀಟಿಯೊಂದಿತ್ತು, ಬೆವರಿಗೆ ಫೋಟೊದ ಅರ್ಧ ಮುಖ ಅಳಿಸಿಹೋಗಿತ್ತು. ಸೈನ್ಯಕ್ಕೆ ಬಂದೂಕಿನಷ್ಟೇ ಬೀಗವೂ ಉಪಯೋಗಕ್ಕೆ ಬಂದಿತ್ತೆಂದು ನನಗೆ ಮನವರಿಕೆಯಾದದ್ದು ಆಗ. 1988ರ ನಂತರ ಅಲ್ಲಿನ ವಿಶ್ವವಿದ್ಯಾಲಯಗಳು ವರ್ಷಗಟ್ಟಲೆ ಮುಚ್ಚಿದ್ದವು. 1996ರ ಡಿಸೆಂಬರಿನಲ್ಲಿ ವಿದ್ಯಾರ್ಥಿಗಳು ಮತ್ತೆ ಬೀದಿಗೆ ಬಂದಾಗ ಮುಚ್ಚಿದವುಗಳಲ್ಲಿ ಹಲವು 2000ದವರೆಗೂ ತೆರೆಯಲಿಲ್ಲ. ತರಗತಿ ಇಲ್ಲದಿದ್ದರೆ ಹುಡುಗರು ಒಂದೆಡೆ ಸೇರುವುದಾದರೂ ಎಲ್ಲಿ?

ಹೋರಾಟವೆಂದರೆ ದಿನವೂ ಘೋಷಣೆಯಲ್ಲ. ರೇಡಿಯೊದ ಬರ್ಮೀ ಸುದ್ದಿ ಕೇಳಿ ಬರೆದುಕೊಳ್ಳುವುದು, ಗಡಿಯಿಂದ ಬಂದ ಮುದುಡಿದ ಕಾಗದಗಳನ್ನು ಟೈಪು ಮಾಡುವುದು, ಸಂಸದರಿಗೆ ಮನವಿ ಕಳಿಸುವುದು. ಆ ಮನವಿಗಳ ಇಂಗ್ಲಿಷ್ ತಿದ್ದುವ ಕೆಲಸ ನನಗೆ ಬಿತ್ತು. ಇಲ್ಲಿ ಕಲಿತ ಇಂಗ್ಲಿಷ್ ಅಷ್ಟಕ್ಕೆ ಸಾಕಾಯಿತು ಎಂದರೆ ನಮ್ಮ ಮೇಷ್ಟ್ರುಗಳೇ ನಂಬಲಾರರು.

1998ರಲ್ಲಿ ಜಾರ್ಜ್ ರಕ್ಷಣಾ ಸಚಿವರಾದರು. ದೆಹಲಿ ಸರ್ಕಾರ ಬರ್ಮಾದ ಜನರಲ್‌ಗಳ ಸ್ನೇಹ ಬಯಸುತ್ತಿದ್ದ ಕಾಲ. ಆದರೂ ಆ ಜನರಲ್‌ಗಳ ವಿರೋಧಿಗಳು ರಕ್ಷಣಾ ಸಚಿವರ ಬಂಗಲೆಯಲ್ಲಿಯೇ ಉಳಿದರು! ಜಾರ್ಜ್ ರಾಜಕೀಯದ ಹಲವು ತಿರುವುಗಳನ್ನು ನಾನು ಒಪ್ಪುವುದಿಲ್ಲ, ಇದೊಂದಕ್ಕೆ ಮಾತ್ರ ಕೈಮುಗಿಯುತ್ತೇನೆ. ಅದೇ ವರ್ಷ ದೇಶಭ್ರಷ್ಟ ಬರ್ಮೀಯರು ದೆಹಲಿಯಲ್ಲಿ ‘ಮಿಜ್ಜಿಮ’ ಸುದ್ದಿಸಂಸ್ಥೆ ಆರಂಭಿಸಿದರು.

2021ರ ಫೆಬ್ರುವರಿಯಲ್ಲಿ ಸೈನ್ಯ ಮತ್ತೆ ಅಧಿಕಾರ ಕಸಿದುಕೊಂಡಿತು. ಕೆಲಸಕ್ಕೆ ಬರಲು ಒಪ್ಪದ ಸಾವಿರಾರು ಅಧ್ಯಾಪಕರು ಅಮಾನತಾದರು. 2022ರ ಜುಲೈನಲ್ಲಿ 88ರ ವಿದ್ಯಾರ್ಥಿ ನಾಯಕ ಕೋ ಜಿಮ್ಮಿಯನ್ನು ಗಲ್ಲಿಗೇರಿಸಿದರು. ಆ ವಾರ ಈಗ ಬೇರೊಂದು ದೇಶದಲ್ಲಿರುವ ಗೆಳೆಯನಿಗೆ ಫೋನು ಮಾಡಿದೆ. ಜಿಮ್ಮಿಯ ಬಗ್ಗೆ ಎರಡು ಮಾತು ಆಡಿ ಅವನು ನೇರವಾಗಿ ವಿಷಯಕ್ಕೆ ಬಂದ: ತರಗತಿ ಬಹಿಷ್ಕರಿಸಿದ ಹುಡುಗರಿಗೆ ಆನ್‌ಲೈನ್ ಪಾಠ ನಡೆಸುತ್ತಿದ್ದೇವೆ, ಗಣಿತ ಹೇಳಿಕೊಡುವವರು ಸಾಲದು, ನಿಮ್ಮ ಹಳೆಯ ಕಾಲೇಜಿನಲ್ಲಿ ಯಾರಾದರೂ ಇದ್ದಾರೆಯೇ? ಇಂಗ್ಲಿಷಿನಲ್ಲಿ ಕಲಿಸಬಲ್ಲವರು ಈ ಸಂಚಿಕೆ ಓದುತ್ತಿದ್ದರೆ ಸಂಪಾದಕರಿಗೆ ತಿಳಿಸಲಿ. ಅವನಿಗೆ ಮುಟ್ಟಿಸುವ ಜವಾಬ್ದಾರಿ ನನ್ನದು.