ಮಧ್ಯಕ್ಕೆ ಬರುವುದು ಯಾವಾಗ?

ಚಿಂತಾಮಣಿಯಲ್ಲಿ ಗುರುತಿನವರು ಎದುರಾದರೆ ಮೊದಲು ಮಳೆಯ ಮಾತು, ಆಮೇಲೆ ಟೊಮೆಟೊ ಬೆಲೆ, ಮೂರನೆಯದಾಗಿ ನನ್ನ ಭವಿಷ್ಯ. "ಇನ್ನೂ ಪಕ್ಕದಲ್ಲೇ ಕೂತಿದ್ದೀಯಲ್ಲಮ್ಮ, ಮಧ್ಯಕ್ಕೆ ಬರುವುದು ಯಾವಾಗ?" ಎಂದು ಕೇಳುತ್ತಾರೆ. ತೆಲುಗಿನಲ್ಲಿ ಕೇಳುವವರೂ ಇದ್ದಾರೆ, ಕನ್ನಡದಲ್ಲಿ ಕೇಳುವವರೂ ಇದ್ದಾರೆ. ಕನಿಕರ ಮಾತ್ರ ಎರಡರಲ್ಲೂ ಒಂದೇ.

ನಾನು ಪಿಟೀಲು ನುಡಿಸುವವಳು. ಕರ್ನಾಟಕ ಸಂಗೀತದ ಕಚೇರಿಯಲ್ಲಿ ಹಾಡುವವರು ನಡುವೆ ಕೂರುತ್ತಾರೆ, ಅವರ ಬಲಕ್ಕೆ ಮೃದಂಗ, ಎಡಕ್ಕೆ ಪಿಟೀಲು. ಇಪ್ಪತ್ತೆರಡು ವರ್ಷಗಳಿಂದ ಆ ಎಡಭಾಗವೇ ನನ್ನ ಜಾಗ.

ಈ ಪ್ರಶ್ನೆಯನ್ನು ಎಲ್ಲರಿಗಿಂತ ಹೆಚ್ಚು ಸಲ ಕೇಳಿದವರು ನಮ್ಮ ಸೋದರಮಾವ. ಅವರದು ಟೊಮೆಟೊ ಮಂಡಿ. ರೈತರು ತಂದ ಬಾಕ್ಸುಗಳನ್ನು ಬೆಳಗಿನ ಹರಾಜಿನಲ್ಲಿ ಕೂಗಿ, ವ್ಯಾಪಾರಿಗಳಿಗೆ ಕೊಡಿಸಿ, ಕಮಿಷನ್ ಹಿಡಿಯುವುದು ಅವರ ಕಸುಬು. ಹೋದ ವರ್ಷ ತಡೆಯಲಾರದೆ ನಾನೇ ಕೇಳಿಬಿಟ್ಟೆ: "ಮಾವ, ನೀವು ಟೊಮೆಟೊ ಬೆಳೆಯುವುದು ಯಾವಾಗ?"

"ನಾನು ಯಾಕೆ ಬೆಳೆಯಲಿ? ನನ್ನದು ಮಂಡಿ."

"ನನ್ನದೂ ಅಷ್ಟೇ, ಮಾವ."

ಅತ್ತೆ ನಕ್ಕರು, ಮಾವ ನಗಲಿಲ್ಲ. ಬಾಯಿ ಮುಚ್ಚಿಸಿದೆನೇ ಹೊರತು ಉತ್ತರ ಕೊಡಲಿಲ್ಲ ಎಂದು ಆಮೇಲೆ ಅನ್ನಿಸಿತು. ಆದ್ದರಿಂದ ಈಗ ಸಾವಧಾನವಾಗಿ ಹೇಳುತ್ತೇನೆ.

ಗುಮಾಸ್ತರು ಮ್ಯಾನೇಜರ್ ಆದ ಹಾಗೆ ಪಕ್ಕವಾದ್ಯದವರು ಒಂದು ದಿನ ಬಡ್ತಿ ಪಡೆದು ಮಧ್ಯಕ್ಕೆ ಸರಿಯುತ್ತಾರೆ ಎಂಬುದು ಈ ಪ್ರಶ್ನೆಯೊಳಗಿನ ನಂಬಿಕೆ. ಹಾಗಿದ್ದರೆ ನಾನು ಇಷ್ಟು ಹೊತ್ತಿಗೆ ನಿವೃತ್ತಿಯ ಲೆಕ್ಕ ಹಾಕುತ್ತಿರಬೇಕಿತ್ತು. ಪಕ್ಕದಲ್ಲಿ ಕೂತು ನುಡಿಸುವುದು ಬೇರೆಯೇ ಒಂದು ವಿದ್ಯೆ. ಒಂಬತ್ತನೇ ವಯಸ್ಸಿನಿಂದ ಪ್ರತಿ ಭಾನುವಾರ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬೆಂಗಳೂರಿನ ಬಸ್ಸು ಹತ್ತಿದ್ದು ಕೈ ತಿದ್ದಿಸಿಕೊಳ್ಳಲು. ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳು ಮುಗಿದ ಮೇಲೆ ತಿಳಿದದ್ದು, ಕಿವಿ ಇನ್ನೂ ಪಳಗಿಲ್ಲ ಎಂದು. ಕೈ ಪಳಗಿಸುವುದಕ್ಕಿಂತ ಕಿವಿ ಪಳಗಿಸುವುದಕ್ಕೆ ಹೆಚ್ಚು ವರ್ಷ ಬೇಕಾಯಿತು.

ಕಚೇರಿಗೆ ಬಂದವರು ನಂಬದ ಸಂಗತಿ ಒಂದಿದೆ. ಎಷ್ಟೋ ಸಲ ನಾವು ಮೂವರೂ ಒಬ್ಬರ ಮುಖವನ್ನೊಬ್ಬರು ಮೊದಲು ನೋಡುವುದೇ ವೇದಿಕೆಯ ಹಿಂದಿನ ಕೋಣೆಯಲ್ಲಿ, ಕಾಫಿ ಲೋಟ ಹಿಡಿದುಕೊಂಡು. ಫೋನಿನಲ್ಲಿ ತಾರೀಖು, ಊರು, ಶ್ರುತಿ ಎಷ್ಟು ಮನೆ, ಅಂದರೆ ಹಾಡುವವರ ಆಧಾರಸ್ವರ ಎಷ್ಟು ಎತ್ತರದ್ದು ಎಂಬುದು ಗೊತ್ತಾಗಿರುತ್ತದೆ, ಅಷ್ಟೇ. ಒಂದು ಮನೆ ಎಂದರೆ ಗಂಡಸರ ಕಂಠ, ಐದೂವರೆ ಎಂದರೆ ಹೆಂಗಸರದು ಎಂದು ಸಾಮಾನ್ಯವಾಗಿ ಊಹಿಸಬಹುದು. ಯಾವ ಕೃತಿ, ಯಾವ ರಾಗಕ್ಕೆ ಆಲಾಪನೆ, ಸ್ವರ ಹಾಕುವುದು ಎಲ್ಲಿ, ಇದ್ಯಾವುದೂ ಗೊತ್ತಿರುವುದಿಲ್ಲ. ಹಾಡುವವರು ಒಂದು ಸಂಚಾರ, ಅಂದರೆ ರಾಗದ ಒಂದು ಎಳೆ, ಎತ್ತುತ್ತಾರೆ. ಅದು ಒಂದನ್ನೊಂದು ಹೋಲುವ ರಾಗಗಳಲ್ಲಿ ಯಾವುದು, ರೀತಿಗೌಳವೋ ಆನಂದಭೈರವಿಯೋ, ದರ್ಬಾರೋ ನಾಯಕಿಯೋ ಎಂದು ಕಮಾನು ತಂತಿಗೆ ತಾಗುವ ಮುನ್ನ ತೀರ್ಮಾನವಾಗಬೇಕು. ತಪ್ಪಿದರೆ ಮೊದಲ ಸಾಲಿನ ಮಾಮಿಯ ಹುಬ್ಬು ಏರುತ್ತದೆ. ಆ ಮಾಮಿ ಎಲ್ಲ ಊರುಗಳಲ್ಲೂ ಇರುತ್ತಾರೆ.

ಆಮೇಲಿನದು ನೆರಳಿನ ಕೆಲಸ. ಅರ್ಧ ಉಸಿರಿನಷ್ಟು ಹಿಂದೆ ಇರಬೇಕು. ಅದಕ್ಕಿಂತ ಹಿಂದೆ ಬಿದ್ದರೆ ಪ್ರತಿಧ್ವನಿ, ಮುಂದೆ ಹೋದರೆ ಅಧಿಕಪ್ರಸಂಗ. ಅವರು ಕೆಮ್ಮಿದರೆ ಆ ಕೆಮ್ಮಿನಷ್ಟು ಹೊತ್ತು ರಾಗವನ್ನು ನಾನು ಹಿಡಿದುಕೊಂಡಿರಬೇಕು. ಸಾಹಿತ್ಯ ಮರೆತರೆ ಸಾಲನ್ನು ಸ್ವಲ್ಪ ಜೋರಾಗಿ ನುಡಿಸಿ, ಮರೆತದ್ದು ಸಭೆಗೆ ತಿಳಿಯದ ಹಾಗೆ ಮಾಡಬೇಕು. ಇಲ್ಲಿ ನಮ್ಮ ಕಡೆಯವರಿಗೆ ಒಂದು ಅನುಕೂಲವಿದೆ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಎಂದು ಬೆಳೆದವರಿಗೆ ತ್ಯಾಗರಾಜರ ತೆಲುಗು ಕೃತಿಯಲ್ಲಿ ಪದ ಎಲ್ಲಿ ಒಡೆಯುತ್ತದೆ, ಕಮಾನನ್ನು ಎಲ್ಲಿ ತಿರುಗಿಸಬೇಕು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಹಾಡುವವರು ಆರು ನಿಮಿಷ ಆಲಾಪನೆ ಮಾಡಿದರೆ ನನ್ನ ಸರದಿಯಲ್ಲಿ ನಾನು ನಾಲ್ಕಕ್ಕೆ ನಿಲ್ಲಿಸುತ್ತೇನೆ. ಏಳು ನುಡಿಸಿದರೆ ಚಪ್ಪಾಳೆ ಬರುತ್ತದೆ, ಮುಂದಿನ ಫೋನು ಬರುವುದಿಲ್ಲ.

ಇದನ್ನೆಲ್ಲ ನಾನು ಕಲಿತದ್ದು ದೊಡ್ಡ ಸಭೆಗಳಲ್ಲಿ ಅಲ್ಲ, ಕೈವಾರದಲ್ಲಿ. ನಮ್ಮ ತಾಲ್ಲೂಕಿನದೇ ಊರು. ಕೈವಾರ ತಾತಯ್ಯನವರು ಬಳೆ ಮಾರಿಕೊಂಡಿದ್ದವರು, ಅಮರನಾರೇಯಣನ ಹೆಸರಿನಲ್ಲಿ ತೆಲುಗು, ಕನ್ನಡ ಎರಡರಲ್ಲೂ ಕೀರ್ತನೆ ಕಟ್ಟಿದವರು. ಗುರುಪೂರ್ಣಿಮೆಗೆ ಅಲ್ಲಿ 72 ಗಂಟೆ ಎಡೆಬಿಡದೆ ಸಂಗೀತ ನಡೆಯುತ್ತದೆ. ಹೆಸರಾಂತ ವಿದ್ವಾಂಸರೂ ಹಾಡುತ್ತಾರೆ, ಹಳ್ಳಿಯ ಭಜನೆ ತಂಡಗಳೂ ಹಾಡುತ್ತವೆ.

ಅಲ್ಲಿ ಒಂದು ರಾತ್ರಿ, ಎರಡೂವರೆಯ ಹೊತ್ತು. ಆಷಾಢದ ಗಾಳಿ. ಒಬ್ಬರ ಹಿಂದೆ ಒಬ್ಬರು ಬಂದು ಹಾಡಿ ಏಳುತ್ತಿದ್ದರು. ಪ್ರತಿಯೊಬ್ಬರಿಗೂ ಬೇರೆ ಶ್ರುತಿ, ಪ್ರತಿ ಸಲವೂ ನಾಲ್ಕು ಬಿರಟೆ ತಿರುಗಿಸುವುದು. ಬೆರಳಿನ ಲೆಕ್ಕವೇನೋ ಅದೇ, ಆದರೆ ಬಿಗಿ ಬದಲಾದ ತಂತಿ ಹೊಸ ಸೊಸೆಯ ಹಾಗೆ, ಹೇಳಿದ ಜಾಗದಲ್ಲಿ ನಿಲ್ಲಲು ಸ್ವಲ್ಪ ಹೊತ್ತು ಬೇಕು. ಆಗ ವಯಸ್ಸಾದ ಒಬ್ಬ ರೈತರು ಬಂದು ಕೂತರು. ಹೆಗಲ ಮೇಲಿನ ಟವೆಲನ್ನು ತೊಡೆಯ ಮೇಲೆ ಮಡಚಿಟ್ಟುಕೊಂಡು, ಶ್ರುತಿಪೆಟ್ಟಿಗೆಯ ಕಡೆ ಕಿವಿಯನ್ನೇ ಕೊಡದೆ, ಕಣ್ಣು ಮುಚ್ಚಿ ಎತ್ತಿಕೊಂಡರು. ತಾತಯ್ಯನವರ ಕೀರ್ತನೆ. ನಾನು ಅದುವರೆಗೆ ಕೇಳಿದ್ದಲ್ಲ. ಪಲ್ಲವಿ ಮುಗಿಯುವಷ್ಟರಲ್ಲಿ ಅವರ ಷಡ್ಜ, ಅಂದರೆ ಆಧಾರದ 'ಸ', ನನ್ನ ಷಡ್ಜಕ್ಕಿಂತ ಕೂದಲೆಳೆಯಷ್ಟು ಮೇಲಿತ್ತು. ಚರಣಕ್ಕೆ ಇನ್ನೂ ಏರಿತು.

ಮಧ್ಯದಲ್ಲಿ ನಿಲ್ಲಿಸಿ ಬಿರಟೆ ತಿರುಗಿಸುವಂತಿಲ್ಲ. ಬಿಡಿ ತಂತಿಯನ್ನು ಮುಟ್ಟಿದರೆ ಅವರು ಎಷ್ಟು ಏರಿದ್ದಾರೆ ಎಂಬುದು ಊರಿಗೆಲ್ಲ ತಿಳಿಯುತ್ತದೆ. ಅದಕ್ಕೆ ಬಿಡಿ ತಂತಿಯನ್ನೇ ಮರೆತು, ಎಲ್ಲ ಸ್ವರಗಳನ್ನೂ ಬೆರಳಿನಿಂದ ಒತ್ತಿ, ಪ್ರತಿ ಬೆರಳನ್ನೂ ಎಳ್ಳುಕಾಳಿನಷ್ಟು ಮೇಲಕ್ಕೆ ಸರಿಸಿ ಅವರ ಜೊತೆ ಹೋದೆ. ಮೃದಂಗದವರು ನನ್ನ ಕಡೆ ನೋಡಿ ಸಣ್ಣಗೆ ನಕ್ಕರು. ಆ ರೈತ ತಾತ ಹಾಡಿ ಮುಗಿಸಿ, ಎದ್ದು, ಟವೆಲ್ ಕೊಡವಿ, "ಪಿಟೀಲು ನನ್ನ ಜೊತೆಯೇ ಬಂತು" ಎಂದರು. ಯಾವ ಪತ್ರಿಕೆಯ ವಿಮರ್ಶಕರೂ ನನ್ನ ಬಗ್ಗೆ ಅಷ್ಟು ಸರಿಯಾಗಿ ಬರೆದಿಲ್ಲ.

ಪಕ್ಕದ ಜಾಗ ಸಣ್ಣದು ಎನ್ನುವವರಿಗೆ ಚೌಡಯ್ಯನವರ ಮಾತು ಎತ್ತುತ್ತೇನೆ. ತಿರುಮಕೂಡಲು ನರಸೀಪುರದವರು, ಬಿಡಾರಂ ಕೃಷ್ಣಪ್ಪನವರ ಶಿಷ್ಯರು. ಮೈಕು ಇಲ್ಲದ ಕಾಲದಲ್ಲಿ ಪಿಟೀಲಿನ ದನಿ ಹಿಂದಿನ ಸಾಲಿಗೆ ತಲುಪುತ್ತಿರಲಿಲ್ಲ. ಅವರು ನಾಲ್ಕು ತಂತಿಯ ವಾದ್ಯಕ್ಕೆ ಇನ್ನೂ ಮೂರು ತಂತಿ ಸೇರಿಸಿ ಏಳು ಮಾಡಿದರು. ಚೆಂಬೈ ವೈದ್ಯನಾಥ ಭಾಗವತರಂಥ ಗಂಡುದನಿಯ ಪಕ್ಕದಲ್ಲಿ ಕೂತು ನುಡಿಸಿದ ಅವರಿಗೆ 1957ರಲ್ಲಿ ಮದ್ರಾಸಿನ ಸಂಗೀತ ಕಲಾನಿಧಿ ಬಿರುದು ಬಂತು. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲೇ ಅವರ ಹೆಸರಿನ ಭವನವಿದೆ. ನಡುವೆ ಕೂತು ಹಾಡಿದವರ ಗಂಟಲಿನ ಆಕಾರದಲ್ಲಿ ಇದುವರೆಗೆ ಯಾರೂ ಕಟ್ಟಡ ಕಟ್ಟಿದ್ದನ್ನು ನಾನು ಕಾಣೆ.

ಅಂದಹಾಗೆ, ತಲೆ ತಿನ್ನುವವರಿಗೆ 'ಪಿಟೀಲು ಕುಯ್ಯಬೇಡ' ಎನ್ನುವ ಮಾತನ್ನು ಕನ್ನಡಕ್ಕೆ ಕೊಟ್ಟವರು ಯಾರೋ ನನ್ನಂಥವರ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದಿರಬೇಕು. ಮೊದಲ ಎರಡು ವರ್ಷ ಪಿಟೀಲು ನಿಜಕ್ಕೂ ಕುಯ್ಯುತ್ತದೆ.

ಇನ್ನು ದುಡ್ಡು. ಮಾವನ ಪ್ರಶ್ನೆಯ ತಿರುಳು ಅದೇ ಎಂದು ನನಗೆ ಗೊತ್ತಿಲ್ಲವೇ? ಪಕ್ಕವಾದ್ಯದವರ ಕವರು ಮುಖ್ಯ ಕಲಾವಿದರದಕ್ಕಿಂತ ತೆಳ್ಳಗಿರುತ್ತದೆ, ಹಲವು ಕಡೆ ಅರ್ಧವೂ ಇರುವುದಿಲ್ಲ. ಇದು ನ್ಯಾಯ ಎಂದು ನಾನು ಹೇಳುವುದಿಲ್ಲ. ರಾಮನವಮಿಯ ದಿನಗಳಲ್ಲಿ ಉಸಿರಾಡಲು ಬಿಡುವಿರುವುದಿಲ್ಲ, ಮತ್ತೆ ಕೆಲವು ತಿಂಗಳು ಫೋನು ಸತ್ತುಬಿದ್ದಿರುತ್ತದೆ. ಆಕಾಶವಾಣಿಯಲ್ಲಿ ಬಿ, ಬಿ-ಹೈ, ಎ, ಎ-ಟಾಪ್ ಎಂಬ ಶ್ರೇಣಿಗಳಿವೆ. ಒಂದು ಅಕ್ಷರ ಮೇಲೇರಿದರೆ ಸಭೆಯವರ ದನಿಯಲ್ಲಿ ಸ್ವಲ್ಪ ಮರ್ಯಾದೆ ಏರುತ್ತದೆ. ಭರತನಾಟ್ಯದ ರಂಗಪ್ರವೇಶಗಳಿಗೆ ನುಡಿಸಿದರೆ ಸಂಭಾವನೆ ಚೆನ್ನಾಗಿದೆ, ಆದರೆ ವರ್ಣ ಎಂಬ ಒಂದೇ ರಚನೆಯನ್ನು ಹದಿನೈದು ದಿನ ಅಭ್ಯಾಸಕ್ಕೆ ನುಡಿಸಿ ಬಂದರೆ ಕಿವಿಗೆ ಜಡ್ಡು ಹಿಡಿಯುತ್ತದೆ. ತಿಂಗಳ ಬಾಡಿಗೆ ಕಟ್ಟುವುದು ಪಾಠ. ಬೆಳಗ್ಗೆ ಐದೂವರೆಗೆ ಅಮೆರಿಕದ ಮಕ್ಕಳು ಕಂಪ್ಯೂಟರಿನಲ್ಲಿ, ಸಂಜೆ ನಮ್ಮೂರಿನವರು ಚಾಪೆಯ ಮೇಲೆ. ಕುದುರೆಬಾಲದ ಕೂದಲು ಸವೆದ ಕಮಾನಿಗೆ ಹೊಸ ಕೂದಲು ಹಾಕಿಸಲು, ತಂತಿ ಕೊಳ್ಳಲು ಆ ಪಾಠದ ಹಣವೇ ಗತಿ.

ಮಧ್ಯದಲ್ಲಿ ಕೂರಲೇ ಇಲ್ಲ ಎಂದಲ್ಲ. ತನಿ ಕಚೇರಿಗಳನ್ನೂ, ಅಂದರೆ ಪಿಟೀಲೇ ಮುಖ್ಯವಾದ ಕಚೇರಿಗಳನ್ನೂ, ಮಾಡಿದ್ದೇನೆ. ಲಾಲ್ಗುಡಿ ಜಯರಾಮನ್, ಎಂ. ಎಸ್. ಗೋಪಾಲಕೃಷ್ಣನ್, ಟಿ. ಎನ್. ಕೃಷ್ಣನ್ ಅವರೆಲ್ಲ ಎರಡೂ ಜಾಗದಲ್ಲಿ ಕೂತವರು. ಮೊದಲ ತನಿ ಕಚೇರಿಯಲ್ಲಿ ಕಾಂಬೋಧಿ ರಾಗ ಎತ್ತಿಕೊಂಡೆ. ಒಂದು ಸಂಚಾರ ನುಡಿಸಿ ನಿಲ್ಲಿಸಿದೆ. ಯಾಕೆ ನಿಲ್ಲಿಸಿದೆ ಎಂದು ನನಗೇ ತಕ್ಷಣ ತಿಳಿಯಲಿಲ್ಲ. ಬಲಗಡೆಯಿಂದ ಮುಂದಿನ ಸಂಚಾರ ಬರಲೆಂದು ಕಾಯುತ್ತಿದ್ದೆ! ಸಭೆ ಅದನ್ನು ಗಂಭೀರವಾದ ಮೌನ ಎಂದುಕೊಂಡಿತು. ಆ ಚಾಳಿ ಬಿಡಲು ನಾಲ್ಕೈದು ಕಚೇರಿ ಬೇಕಾಯಿತು, ಬಿಟ್ಟೆ. ಈಗಲೂ ಎರಡೂ ಕಡೆಯಿಂದ ಒಂದೇ ದಿನಕ್ಕೆ ಕರೆ ಬಂದರೆ, ಹಾಡುವವರು ಒಳ್ಳೆಯವರಾಗಿದ್ದರೆ, ಪಕ್ಕದ ಜಾಗವನ್ನೇ ಒಪ್ಪಿಕೊಳ್ಳುತ್ತೇನೆ. ನಾನೇ ಎತ್ತಿದ ಕಾಂಬೋಧಿ ಎಲ್ಲಿಗೆ ಹೋಗುತ್ತದೆಂದು ನನಗೆ ಮೊದಲೇ ಗೊತ್ತಿರುತ್ತದೆ.

ಕಳೆದ ವೈಶಾಖದಲ್ಲಿ ಮಾವನ ಮೊಮ್ಮಗಳ ಮದುವೆ. ಆರತಕ್ಷತೆಗೆ ನನ್ನ ತನಿ ಕಚೇರಿ ಇರಲೇಬೇಕೆಂದು ಅವರೇ ಹಟ ಹಿಡಿದು, ವೇದಿಕೆಯಲ್ಲಿ ನನ್ನ ಚಾಪೆಯನ್ನು ಸರಿಯಾಗಿ ನಡುವೆ ಬರುವಂತೆ ತಾವೇ ಎರಡು ಸಲ ಎಳೆದು ಹಾಕಿದರು. "ಈಗ ಬಂದೆ ನೋಡು ಮಧ್ಯಕ್ಕೆ" ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಅತಿಥಿಗಳನ್ನು ಎದುರುಗೊಳ್ಳಲು ಬಾಗಿಲಿಗೆ ಹೋದರು. ನಾನು ಹಂಸಧ್ವನಿ ಶುರು ಮಾಡಿದೆ. ಅದು ಮುಗಿಯುವ ಹೊತ್ತಿಗೆ ಎದುರಿನ ಕುರ್ಚಿಗಳೆಲ್ಲ ಖಾಲಿಯಾಗಿ, ಕೆಳಗೆ ಎರಡನೇ ಪಂಕ್ತಿಗೆ ಹೋಳಿಗೆ ಬಂದಿತ್ತು.